ಅಯ್ಯನವರ ಗಂಟಲಿಗೆ ಗೇಟಕ್ಕನ ಕಾವಲು

ಗೇಟಕ್ಕನಿಗೆ ಆ ಹೆಸರು ಬಂದದ್ದು ಆಸ್ಪತ್ರೆಯ ಹೆಂಗಸರ ವಾರ್ಡಿನ ಬಾಗಿಲಿನಿಂದ. ತಲೆ ಕಪ್ಪಗಿದ್ದಾಗ ಅಲ್ಲಿ ಸ್ಟೂಲು ಹಾಕಿಕೊಂಡು ಕೂತವಳು ಎದ್ದು ಬರುವ ಹೊತ್ತಿಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೆಲಸ ಒಂದೇ. ನೋಡುವ ಹೊತ್ತಿನಲ್ಲಿ ಪಾಸು ಇದ್ದವರನ್ನು ಒಳಗೆ ಬಿಡುವುದು, ಉಳಿದ ಹೊತ್ತಿನಲ್ಲಿ ಯಾರನ್ನೂ ಬಿಡದಿರುವುದು. ಕೇಳುವುದಕ್ಕೆ ಸುಲಭ. ಆದರೆ ರೋಗಿಯ ನೆಂಟರೆಂದರೆ ನೀರಿನ ಜಾತಿ. ಎಲ್ಲಿ ಸಂದಿ ಕಂಡರೆ ಅಲ್ಲಿ ನುಗ್ಗುತ್ತಾರೆ. "ಫ್ಲಾಸ್ಕು ಕೊಟ್ಟು ಈಗ ಬಂದೆ ಅಷ್ಟೆ" ಅನ್ನುತ್ತಿದ್ದರು. "ನಾನೇನು ಹೊರಗಿನವಳಾ, ಅವಳ ನಾದಿನಿಯ ಅಕ್ಕ" ಅನ್ನುತ್ತಿದ್ದರು. ಗೇಟಕ್ಕ ಫ್ಲಾಸ್ಕನ್ನು ತಾನೇ ಒಯ್ದು ಕೊಡುತ್ತಿದ್ದಳು. ನಾದಿನಿಯ ಅಕ್ಕನನ್ನು ಹೊರಗಿನ ಬೆಂಚಿನಲ್ಲಿ ಕೂರಿಸುತ್ತಿದ್ದಳು. ಗದರುವ ಪದ್ಧತಿ ಅವಳಿಗಿರಲಿಲ್ಲ. ತೋರುಬೆರಳನ್ನು ತುಟಿಯ ಮೇಲಿಟ್ಟು ಹುಬ್ಬು ಏರಿಸುತ್ತಿದ್ದಳು. ಅಷ್ಟಕ್ಕೇ ದೊಡ್ಡ ಡಾಕ್ಟರು ಕೂಡ ಬೂಟಿನ ಸದ್ದು ಕಡಿಮೆ ಮಾಡಿಕೊಳ್ಳುತ್ತಿದ್ದರು.

ಕೆಲಸ ಬಿಟ್ಟ ಮೇಲೂ ಬಾಗಿಲಿನ ಚಾಳಿ ಅವಳನ್ನು ಬಿಡಲಿಲ್ಲ. ಮದುವೆಮನೆಗೆ ಹೋದರೆ ಬಾಗಿಲ ಪಕ್ಕದ ಕುರ್ಚಿ. ಬಸ್ಸು ಹತ್ತಿದರೆ ಬಾಗಿಲ ಪಕ್ಕದ ಸೀಟು. ಭಾನುವಾರ ಚರ್ಚಿಗೆ ಬಂದರೆ ಕಟ್ಟಕಡೆಯ ಬೆಂಚಿನ ಬಾಗಿಲ ಕಡೆಯ ತುದಿ. ಅಲ್ಲಿ ಕೂತು, ಸೆರಗು ಹೊದ್ದು, ಉಪದೇಶದ ಪ್ರಸಂಗ ಶುರುವಾಗುತ್ತಿದ್ದಂತೆ ಕಣ್ಣು ಮುಚ್ಚುತ್ತಿದ್ದಳು.

"ಗೇಟಕ್ಕ ಚರ್ಚಿಗೆ ಬರೋದೇ ನಿದ್ದೆಗೆ," ಎಂದು ಹಾಡಿನ ತಂಡವನ್ನು ನಡೆಸುವ ಟೀಚರು ಹೇಳಿಕೊಂಡು ನಗುತ್ತಿದ್ದರು. "ಮನೆಯಲ್ಲಿ ಹಾಸಿಗೆ ಮೆತ್ತಗಿಲ್ಲ ಅಂತ ಕಾಣುತ್ತೆ."

ಗೇಟಕ್ಕ ಇದನ್ನು ತಿದ್ದಲು ಹೋಗಲಿಲ್ಲ. ಕಣ್ಣು ಮುಚ್ಚುತ್ತಿದ್ದದ್ದು ಕಿವಿಯನ್ನು ಪೂರಾ ತೆರೆಯುವುದಕ್ಕೆ ಎಂದು ಹೇಳಿಕೊಂಡು ತಿರುಗುವ ಹೆಂಗಸಲ್ಲ ಅವಳು. ಚರ್ಚಿನ ಸಭೆಯ ಪಾಸ್ಟರಾದ ಅಯ್ಯನವರ ಧ್ವನಿ ಅಂಥದ್ದು. ದೊಡ್ಡ ಹಂಡೆಗೆ ನೀರು ತುಂಬುವಾಗ ಮೊದಲು ತಳದಲ್ಲಿ ಒಂದು ಗುಂಯ್‌ ಎನ್ನುವ ಸದ್ದಾಗಿ, ಆಮೇಲೆ ಮೇಲೇರುತ್ತ ಬರುತ್ತದಲ್ಲ, ಹಾಗೆ. ಗಂಡ ತೀರಿಕೊಂಡ ಮೇಲೆ ಗೇಟಕ್ಕನ ಮನೆಯಲ್ಲಿ ಗಂಡಸಿನ ಧ್ವನಿ ಎಂದರೆ ರೇಡಿಯೋ ಒಂದೇ. ಅದೂ ಬರೀ ಹವಾಮಾನ ಹೇಳುತ್ತಿತ್ತು. ಭಾನುವಾರ ಕಿವಿಯಲ್ಲಿ ತುಂಬಿಸಿಕೊಂಡು ಹೋದ ಅಯ್ಯನವರ ಧ್ವನಿ ಬುಧವಾರದ ತನಕ ಬರುತ್ತಿತ್ತು. ಅಲ್ಲಿಂದ ಮುಂದೆ ಹೇಗೋ ಒಂದು ನಡೆಯುತ್ತಿತ್ತು.

ಆರಾಧನೆ ಮುಗಿದ ಮೇಲೆ ಅಯ್ಯನವರು ಬಾಗಿಲಲ್ಲಿ ನಿಂತು ಎಲ್ಲರ ಕೈಕುಲುಕುತ್ತಿದ್ದರು. ಒಬ್ಬರು "ಜೇನು ಸುರಿದ ಹಾಗಿತ್ತು ಅಯ್ಯಾ" ಅನ್ನುತ್ತಿದ್ದರು, ಇನ್ನೊಬ್ಬರು "ನನಗೇ ಹೇಳಿದ ಹಾಗಿತ್ತು" ಅನ್ನುತ್ತಿದ್ದರು. ಗೇಟಕ್ಕನದು ಯಾವಾಗಲೂ ಒಂದೇ ಮಾತು. "ಕೇಳಿಸ್ತು." ಅಷ್ಟು ಹೇಳಿ ಚಪ್ಪಲಿ ಹುಡುಕುತ್ತಿದ್ದಳು.

"ಉಳಿದವರೆಲ್ಲ ಹೊಗಳ್ತಾರೆ," ಎಂದು ಅಯ್ಯನವರು ಹೆಂಡತಿಯ ಹತ್ತಿರ ಹೇಳಿದ್ದುಂಟು. "ಈಯಮ್ಮ ಮಾತ್ರ ರಸೀದಿ ಕೊಡ್ತಾರೆ."

ಅಂಥ ಗಂಟಲನ್ನು ಸಭೆ ಹೇಗೆ ಬಳಸಿತೆಂದರೆ, ಊರ ಬಾವಿಯ ಹಗ್ಗವನ್ನೂ ಯಾರೂ ಹಾಗೆ ಬಳಸಿರಲಾರರು. ಭಾನುವಾರದ ಪ್ರಸಂಗ ಸರಿ. ಅದರ ಮೇಲೆ ಮದುವೆ, ಮಣ್ಣು, ಶಾಲೆಯ ಬೆಳಗಿನ ಪ್ರಾರ್ಥನೆ, ರೋಗಿಗಳ ಮನೆ, ಅತ್ತೆ ಸೊಸೆಯರ ವ್ಯಾಜ್ಯ, ಹೊಸ ಸ್ಕೂಟರಿಗೆ ಆಶೀರ್ವಾದ, ಪರೀಕ್ಷೆಗೆ ಹೊರಟ ಮಕ್ಕಳಿಗೆ ಫೋನಿನಲ್ಲಿ ಧೈರ್ಯ. ಚರ್ಚಿನ ಮೈಕು ಕೈಕೊಟ್ಟರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಅಯ್ಯನವರ ಗಂಟಲು ಇತ್ತಲ್ಲ. ಮೈಕು ರಿಪೇರಿಯ ಮಾತು ಪ್ರತಿ ವರ್ಷ ಸಭೆಯಲ್ಲಿ ಏಳುತ್ತಿತ್ತು, ಪ್ರತಿ ವರ್ಷ ಕೂರುತ್ತಿತ್ತು.

ಒಂದು ಭಾನುವಾರ ಪ್ರಸಂಗದ ನಡುವೆ ಆ ಧ್ವನಿ ನಲ್ಲಿಯ ನೀರು ನಿಂತ ಹಾಗೆ ನಿಂತಿತು. ಮೊದಲು ಒಂದು ಕೆಮ್ಮು, ಆಮೇಲೆ ಗಾಳಿ, ಆಮೇಲೆ ಏನೂ ಇಲ್ಲ. ಕಡೆಯ ಬೆಂಚಿನಲ್ಲಿ ಗೇಟಕ್ಕ ಕಣ್ಣು ತೆರೆದಳು. ಪ್ರಸಂಗ ಮುಗಿಯುವ ಮೊದಲೇ ಅವಳು ಕಣ್ಣು ತೆರೆದದ್ದನ್ನು ಸಭೆ ಕಂಡದ್ದು ಅದೇ ಮೊದಲು.

ಗಂಟಲಿನ ಡಾಕ್ಟರು ಒಳಗೆ ಕನ್ನಡಿ ಹಾಕಿ ನೋಡಿ ಸುತ್ತು ಬಳಸದೆ ಹೇಳಿದರು. ಧ್ವನಿ ಹುಟ್ಟುವ ಜಾಗದಲ್ಲಿ ದುಡಿದ ಅಂಗೈಗೆ ಬರುವಂಥ ಜಡ್ಡು ಬಂದಿದೆ, ಬಾವು ಇದೆ. ಒಂದು ತಿಂಗಳು ಮಾತು ಪೂರ್ತಿ ಬಂದ್. ಪಿಸುಮಾತೂ ಕೂಡದು, ಅದು ಇನ್ನೂ ಕೆಟ್ಟದ್ದು. ಸುಮ್ಮನಿದ್ದರೆ ಧ್ವನಿ ತಿರುಗಿ ಬರುತ್ತದೆ. ಇರದಿದ್ದರೆ ಪ್ರಸಂಗದ ಕೆಲಸವನ್ನು ಮರೆತುಬಿಡಬೇಕು.

ಸಭೆಯ ಹಿರಿಯರಲ್ಲಿ ಒಬ್ಬರಾದ ಬೇಕರಿಯವರು ಇದನ್ನು ಮುಂದೆ ನಿಂತು ಎಲ್ಲರಿಗೂ ತಿಳಿಸಿದರು. "ಅಯ್ಯನವರು ಇಷ್ಟು ವರ್ಷ ನಮ್ಮನ್ನ ನೋಡ್ಕೊಂಡ್ರು. ಈಗ ಅವರನ್ನ ನೋಡ್ಕೊಳ್ಳೋದು ನಮ್ಮ ಜವಾಬ್ದಾರಿ," ಎಂದರು. ಎಲ್ಲರ ಕಣ್ಣಲ್ಲೂ ನೀರು. ಒಳ್ಳೆಯ ಜನ. ಹೇಳಿದ ಮಾತನ್ನು ಅಕ್ಷರಶಃ ಪಾಲಿಸಿದರು. ಸೋಮವಾರ ಬೆಳಗಿನಿಂದಲೇ ಅಯ್ಯನವರನ್ನು ನೋಡಲು ಹೊರಟರು.

ಬಂದವರು ಬರಿಗೈಯಲ್ಲಿ ಬರಲಿಲ್ಲ. ಶುಂಠಿ, ಜೇನು, ಮೆಣಸಿನ ಕಷಾಯ, ಬಿಸಿ ಸಾರು, ಕೇಕು. ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದರು ಅನ್ನುವ ಗಾದೆಯನ್ನು ಆ ಬೀದಿಯಲ್ಲಿ ಆ ವಾರ ಕಣ್ಣಾರೆ ನೋಡಬಹುದಿತ್ತು. ತಂದದ್ದನ್ನು ಮೇಜಿನ ಮೇಲಿಟ್ಟು, ಎದುರು ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು, "ಈಗ ಹೇಗಿದೆ ಅಯ್ಯಾ?" ಅಯ್ಯನವರು ಗಂಟಲು ತೋರಿಸಿ ಕೈ ಆಡಿಸುತ್ತಿದ್ದರು. "ಅಯ್ಯೋ ಪಾಪ, ಮಾತಾಡ್ಬೇಡಿ, ಮಾತಾಡ್ಬೇಡಿ. ಯಾವಾಗಿಂದ ಶುರುವಾಯ್ತು ಇದು?"

ಅದಾದರೂ ತಡೆಯಬಹುದಿತ್ತು. ಹೊರಡುವ ಹೊತ್ತಿನದೇ ದೊಡ್ಡ ಪೇಚು. ಅಯ್ಯನವರ ಮನೆಗೆ ಹೋದವರು ಅಯ್ಯನವರ ಬಾಯಿಂದ ಒಂದು ಪ್ರಾರ್ಥನೆ ಮಾಡಿಸದೆ ಏಳುವ ಪದ್ಧತಿ ಆ ಸಭೆಯಲ್ಲಿ ಇರಲಿಲ್ಲ. ಹಾಗೆ ಎದ್ದರೆ ಮನೆಗೆ ಬೀಗ ಹಾಕದೆ ಊರಿಗೆ ಹೊರಟಂತೆ ಅವರಿಗೆ ಕಸಿವಿಸಿ. "ಒಂದು ಸಣ್ಣ ಪ್ರಾರ್ಥನೆ ಮಾಡಿಬಿಡಿ ಅಯ್ಯಾ, ಹೊರಡ್ತೀವಿ." ಅಯ್ಯನವರು ಹೆಂಡತಿಯ ಮುಖ ನೋಡುತ್ತಿದ್ದರು. ಬಂದವರಿಗೆ ಆಗ ಹೊಳೆಯುತ್ತಿತ್ತು. "ನಮಗೋಸ್ಕರ ಬೇಡ ಅಯ್ಯಾ. ನಿಮ್ಮ ಗಂಟಲಿಗೋಸ್ಕರಾನೇ ಮಾಡಿ."

ಹೀಗೆ ಅಯ್ಯನವರು ತಮ್ಮ ಗಂಟಲು ವಾಸಿಯಾಗಲೆಂದು ಅದೇ ಗಂಟಲಿನಿಂದ ದಿನವಿಡೀ ಪಿಸುಗುಡುತ್ತ ಬೇಡಿಕೊಂಡರು.

ಗೇಟಕ್ಕ ಹೋದದ್ದು ಆ ವಾರದ ಕೊನೆಗೆ, ಬರಿಗೈಯಲ್ಲಿ. ಮೆಟ್ಟಿಲ ಬಳಿ ಬಿದ್ದಿದ್ದ ಚಪ್ಪಲಿಗಳ ರಾಶಿ ನೋಡಿಯೇ ರೋಗಿಯ ಸ್ಥಿತಿ ಅವಳಿಗೆ ಅಂದಾಜಾಯಿತು. ಒಳಗೆ ಬೇಕರಿಯವರು ಕಣ್ಣು ಮುಚ್ಚಿ ಕೂತಿದ್ದರು. ಅಯ್ಯನವರು ಅವರ ತಲೆಯ ಮೇಲೆ ಕೈಯಿಟ್ಟು, ಕುತ್ತಿಗೆಯ ನರ ಹುರಿಯಂತೆ ಉಬ್ಬಿ, ಮೊದಲು ತಮ್ಮ ಗಂಟಲಿಗಾಗಿ, ಹಾಗೆಯೇ ಬೇಕರಿಯವರ ಮೊಣಕಾಲಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು. ಒಣ ಎಲೆಯನ್ನು ನೆಲದ ಮೇಲೆ ಎಳೆದಂಥ ಸದ್ದು.

ಎಲ್ಲರೂ ಹೋದ ಮೇಲೆ ಅಯ್ಯನವರ ಹೆಂಡತಿ ಪಾಸ್ಟರಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಮೆತ್ತಗಿನ ಹೆಂಗಸು, ಬೆಕ್ಕಿಗೂ ಬಹುವಚನ ಹಚ್ಚುವವರು. "ನಿನ್ನೆ ಡಾಕ್ಟರು ಮತ್ತೆ ನೋಡಿದ್ರು," ಎಂದರು. "ಬಾವು ಜಾಸ್ತಿಯಾಗಿದೆಯಂತೆ. ಇನ್ನೊಂದು ವಾರ ಹೀಗೇ ಆದ್ರೆ ತಮ್ಮ ಹತ್ರ ಬರೋದೇ ಬೇಡ ಅಂದ್ರು. ಪ್ರೀತಿಯಿಂದ ಬರ್ತಾರೆ ಗೇಟಕ್ಕ. ಬರಬೇಡಿ ಅನ್ನೋಕೆ ನನಗೆ ನಾಲಿಗೆ ಹೊರಳಲ್ಲ."

"ಅತಿಯಾದ್ರೆ ಅಮೃತಾನೂ ವಿಷ," ಎಂದಳು ಗೇಟಕ್ಕ. "ಒಂದು ಕುರ್ಚಿ ಇದೆಯಾ?"

"ಇಲ್ಲೇ ಇದೆಯಲ್ಲ, ಕೂತ್ಕೊಳ್ಳಿ."

"ಇಲ್ಲಲ್ಲ. ಹೊರಗೆ."

ಮರುದಿನ ಬೆಳಿಗ್ಗೆ ಅಯ್ಯನವರ ಮನೆಯ ಗೇಟಿನ ಒಳಮಗ್ಗುಲಿಗೆ ಒಂದು ಮರದ ಕುರ್ಚಿ ಬಂತು. ಅದರ ಮೇಲೆ ಸೆರಗು ಬಿಗಿದುಕೊಂಡು ಗೇಟಕ್ಕ ಬಂದು ಕೂತಳು. ಮೊದಲು ಬಂದವರು ಬೇಕರಿಯವರೇ, ಕೈಯಲ್ಲಿ ಕೇಕಿನ ಡಬ್ಬ.

"ಏನು ಗೇಟಕ್ಕ, ಇಲ್ಲೂ ಡ್ಯೂಟಿನಾ?"

"ಯಾರನ್ನ ನೋಡ್ಬೇಕು?"

"ಯಾರನ್ನ ಅಂದ್ರೆ? ಅಯ್ಯನವರನ್ನ."

"ನೋಡೋ ಹೊತ್ತು ಮುಗೀತು."

"ಮತ್ತೆ ಯಾವಾಗ ಶುರು?"

"ಮುಂದಿನ ತಿಂಗಳು."

ಬೇಕರಿಯವರು ನಕ್ಕರು. ಅವಳು ನಗದಿದ್ದದ್ದು ನೋಡಿ ನಿಲ್ಲಿಸಿದರು. "ಅಲ್ಲ, ನಾನು ಸಭೆಯ ಹಿರಿಯ."

"ಅದಕ್ಕೇ ನಿಮಗೆ ಬೇಗ ಅರ್ಥ ಆಗುತ್ತೆ."

"ಕೇಕು ತಂದಿದೀನಿ."

"ಕೊಡಿ, ಅದು ಒಳಗೆ ಹೋಗಬಹುದು. ಕೇಕಿಗೆ ಬಾಯಿಲ್ಲ."

ಡಬ್ಬ ಕೊಟ್ಟ ಮೇಲೂ ಬೇಕರಿಯವರು ಕಾಲು ಕೀಳಲಿಲ್ಲ. ಗೇಟಿನ ಸರಳು ಹಿಡಿದುಕೊಂಡು, ತಮ್ಮ ಅಂಗಡಿಯ ಮುಂದೆ ಮಕ್ಕಳು ನಿಲ್ಲುವ ಹಾಗೆ ನಿಂತರು. "ಎಲ್ಲ ಸರಿ. ಆದ್ರೆ ಪ್ರಾರ್ಥನೆ?"

"ನೀವೇ ಮಾಡಿ."

"ನಾನಾ? ನಾನು ಗುಂಪಲ್ಲಿ ಆಮೆನ್ ಹೇಳೋನು ಗೇಟಕ್ಕ."

"ಇವತ್ತು ಗುಂಪಿಲ್ಲ. ಮಾಡಿ. ನಾನು ಕಣ್ಣು ಮುಚ್ಚಿದೀನಿ."

ನಿಜವಾಗಿಯೂ ಮುಚ್ಚಿದಳು. ಬೇಕರಿಯವರು ಆಚೆ ಈಚೆ ನೋಡಿದರು. ಸಭೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಆಮೆನ್ ಹೇಳುತ್ತಿದ್ದ ಮನುಷ್ಯನಿಗೆ ಅದರ ಮುಂಚೆ ಬರುವ ಭಾಗ ಗೊತ್ತಿರಲಿಲ್ಲ. ಕೊನೆಗೆ ತಮಗೆ ಬರುವ ಭಾಷೆಯಲ್ಲೇ ಶುರುಮಾಡಿದರು.

"ಸ್ವಾಮೀ, ನಮ್ಮ ಅಯ್ಯನವರಿಗೆ ಧ್ವನಿ ಬೇಕಾಗಿದೆ. ಮೊದಲಿನ ಅಳತೆದೇ ಆದ್ರೆ ಒಳ್ಳೇದು. ಸ್ವಲ್ಪ ಚಿಕ್ಕದಾದ್ರೂ ಪರವಾಗಿಲ್ಲ, ಒಡೀದೇ ಬರಲಿ. ಬೇಗ ಬೇಕು. ಆದ್ರೆ ಅವಸರ ಮಾಡಿ ಒಳಗೆ ಹಸಿ ಉಳಿಸಬೇಡ. ಒಳ್ಳೆಯವರು ಸ್ವಾಮೀ ಅವರು. ನಮ್ಮಪ್ಪ ಸಾಯೋವಾಗ ರಾತ್ರಿ ಪೂರ್ತಿ ಕೂತಿದ್ರು. ಅದನ್ನ ನಾನು ಅವರಿಗೆ ಯಾವತ್ತೂ..." ಅಲ್ಲಿ ಬೇಕರಿಯವರ ಗಂಟಲೂ ಕೈಕೊಟ್ಟಿತು. "ಆಮೆನ್," ಎಂದು ಮುಗಿಸಿ, ಮೂಗು ಒರೆಸಿಕೊಂಡು, ಯಾರಿಗೋ ಬೈಯುವ ಮುಖ ಮಾಡಿಕೊಂಡು ಅಂಗಡಿ ಕಡೆ ಹೊರಟುಹೋದರು.

ಗೇಟಕ್ಕ ಕಣ್ಣು ತೆರೆದಾಗ ಕಿಟಕಿಯ ಪರದೆ ಅಲುಗುತ್ತಿತ್ತು. ಗಾಳಿ ಇರಲಿಲ್ಲ.

ಸುದ್ದಿ ಹರಡಿತು. ಸಿಟ್ಟಾದವರು ಆದರು. "ವಾರ್ಡಿನವಳಿಗೆ ಊರೇ ವಾರ್ಡು," ಎಂದರು. ಆದರೂ ಬಂದರು; ಬಂದವರೆಲ್ಲ ತಂದದ್ದು ಕೊಟ್ಟು, ಗೇಟಿನಲ್ಲೇ ನಿಂತು, ತಮ್ಮ ಪ್ರಾರ್ಥನೆಯನ್ನು ತಾವೇ ಮಾಡಿ ಹೋಗಬೇಕಾಯಿತು. ಕೆಲವರು ಒಂದೇ ಉಸಿರಿಗೆ ಮುಗಿಸಿದರು. ಕೆಲವರು ಶುರುಮಾಡಿದ ಮೇಲೆ ನಿಲ್ಲಿಸುವುದು ಹೇಗೆಂದು ಗೊತ್ತಾಗದೆ ಊರವರನ್ನೆಲ್ಲ ಹೆಸರು ಹಿಡಿದು ನೆನೆದರು. ಪರದೆಯ ಹಿಂದೆ ಅಯ್ಯನವರು ಕೂತು ಕೇಳುತ್ತಿದ್ದರು. ಅವರು ಎಲ್ಲರಿಗಾಗಿ ಪ್ರಾರ್ಥಿಸಿದ್ದುಂಟು. ತಮಗಾಗಿ ಬೇರೆಯವರು ಮಾಡುವುದನ್ನು ಹೀಗೆ ಬಿಡಿಬಿಡಿಯಾಗಿ ಕೇಳಿರಲಿಲ್ಲ. ಅದಕ್ಕೆ ಅವರಿಗೆ ಬಿಡುವೇ ಇರಲಿಲ್ಲ.

ಹಾಡಿನ ಟೀಚರು ಮಾತ್ರ ಬೇರೆ ದಾರಿ ಹಿಡಿದರು. "ನಾನು ಮಾತಾಡಿಸೋದೇ ಇಲ್ಲ ಗೇಟಕ್ಕ. ಒಂದು ಹಾಡು ಹಾಡಿ ಬರ್ತೀನಿ. ಶ್ರುತಿ ಸರಿಯಿದೆಯಾ ಅಂತ ಅಯ್ಯನವರು ಹೇಳಿದ್ರೆ ಸಾಕು."

"'ಹೇಳಿದ್ರೆ' ಅಂದ್ರಲ್ಲ."

"ಹಾಗಾದ್ರೆ ನನ್ನ ಹಾಡು ಯಾರು ಕೇಳ್ತಾರೆ?"

"ಅಂಚೆಯವರು," ಎಂದಳು ಗೇಟಕ್ಕ. ಹಾಸಿಗೆ ಹಿಡಿದ ಮುದುಕ, ಒಂದು ಕಾಲದಲ್ಲಿ ಊರಿಗೆಲ್ಲ ಕಾಗದ ಹಂಚಿದವರು. ಅಯ್ಯನವರು ವಾರಕ್ಕೊಮ್ಮೆ ಹೋಗಿ ಅವರಿಗೆ ಬೈಬಲಿನ ಕೀರ್ತನೆ ಓದಿ ಹೇಳುತ್ತಿದ್ದರು. "ಈ ವಾರ ಅವರ ಹತ್ರ ಯಾರೂ ಹೋಗಿಲ್ಲ. ಎಲ್ಲರೂ ಇಲ್ಲಿಗೇ ಬಂದಿದಾರೆ."

ಟೀಚರು ಹೋದರು. ತಿರುಗಿ ಬರುವಾಗ ಮುಖ ಒಂದು ಥರ ಆಗಿತ್ತು. "ಹಾಡಿದೆ. ನಡುವೇನೇ ನಿಲ್ಲಿಸಿ, 'ಹಾಡು ಸಾಕಮ್ಮ, ಓದು' ಅಂದ್ರು."

"ಓದಿದ್ರಾ?"

"ಓದ್ದೆ. ನಾಳೇನೂ ಬಾ ಅಂದಿದಾರೆ." ಹೊರಡುವ ಮುಂಚೆ ಟೀಚರು ಬಾಣ ಬಿಟ್ಟರು. "ಎಲ್ಲರ ಕೈಲೂ ಪ್ರಾರ್ಥನೆ ಮಾಡಿಸ್ತೀರಿ. ನಿಮ್ಮದು ಮಾತ್ರ ಇನ್ನೂ ಕೇಳಲಿಲ್ಲ."

"ನಂದು ಬಾಗಿಲ ಡ್ಯೂಟಿ," ಎಂದಳು ಗೇಟಕ್ಕ.

ಬಾಣ ನಾಟಿತ್ತು. ಅವಳು ಒಮ್ಮೆಯೂ ಬಾಯಿಬಿಟ್ಟು ಪ್ರಾರ್ಥನೆ ಮಾಡಿದವಳಲ್ಲ. ಜನ್ಮವೆಲ್ಲ 'ಶ್' ಎಂದು ಬದುಕಿದ ನಾಲಿಗೆಗೆ ದೇವರ ಮುಂದೆ ಬೇರೆ ಏನನ್ನುವುದೆಂದು ತೋಚುತ್ತಿರಲಿಲ್ಲ.

ನೆಂಟರನ್ನು ಕಾಯುವುದು ಒಂದು ಕೆಲಸವಾದರೆ ರೋಗಿಯನ್ನು ಕಾಯುವುದು ಹತ್ತು ಕೆಲಸ. ಒಂದು ಮಧ್ಯಾಹ್ನ ಹಿತ್ತಲ ಕಡೆ ಚಿಲಕದ ಸದ್ದು ಕೇಳಿ ಗೇಟಕ್ಕ ಮನೆ ಸುತ್ತಿ ಹೋದಳು. ಒಗೆದ ಬಟ್ಟೆಗಳ ನಡುವೆ, ಒದ್ದೆ ಹೊದಿಕೆಯೊಂದರ ಹಿಂದೆ, ಎರಡು ಪಾದಗಳು ನಿಂತಿದ್ದವು. ಹೊದಿಕೆ ಸರಿಸಿದರೆ ಅಯ್ಯನವರು. ಕಂಕುಳಲ್ಲಿ ಬೈಬಲ್, ಕೈಯಲ್ಲಿ ಮಾತಿನ ಬದಲಿಗೆ ಬಳಸುತ್ತಿದ್ದ ಮಕ್ಕಳ ಸ್ಲೇಟು. ಸಿಕ್ಕಿಬಿದ್ದ ಹುಡುಗನ ಹಾಗೆ ಅವಸರದಲ್ಲಿ ಬರೆದು ತೋರಿಸಿದರು: ಅಂಚೆಯವರು ಕಾಯ್ತಾರೆ.

"ಟೀಚರು ಹೋಗಿದಾರೆ."

ಒರೆಸಿ ಮತ್ತೆ ಬರೆದರು: ಶಾಲೆ?

"ಬೇಕರಿಯವರು ಹೋದ್ರು. ಮಕ್ಕಳಿಗೆ ಪ್ರಾರ್ಥನೆ ಇಷ್ಟ ಆಯ್ತಂತೆ. ಬನ್ನು ಕೊಟ್ಟರಂತೆ."

ಅಯ್ಯನವರು ಅಂಗಿಯ ತೋಳಿನಿಂದ ಸ್ಲೇಟನ್ನು ನಿಧಾನವಾಗಿ ಒರೆಸಿದರು. ಆಮೇಲೆ ಬರೆದರು: ಹಾಗಾದರೆ ನಾನು?

ಗೇಟಕ್ಕ ಅದನ್ನು ಓದಿದಳು. ಈ ಪ್ರಶ್ನೆಯನ್ನು ಅವಳು ಬಲ್ಲಳು. ಸ್ಟೂಲು ಬಿಟ್ಟು ಮನೆಗೆ ಬಂದ ಮೊದಲ ದಿನ ಅವಳೂ ಕೇಳಿಕೊಂಡಿದ್ದಳು.

"ವಾರ್ಡಿನ ಬಾಗಿಲು ಹಾಕೋದು ರೋಗಿ ಯಾರಿಗೂ ಬೇಡ ಅಂತಲ್ಲ ಅಯ್ಯಾ," ಎಂದಳು. "ಬೇಕು ಅಂತಾನೇ. ಒಳಗೆ ಹೋಗಿ ಊಟ ಮಾಡಿ. ಪಾಸ್ಟರಮ್ಮ ಎಷ್ಟು ವರ್ಷದಿಂದ ಒಬ್ರೇ ಉಣ್ತಾ ಇದಾರೆ ಅಂತ ಒಂದು ಸಲ ಕೇಳಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಕೇಳ್ಬೇಡಿ. ಬರೀರಿ."

ಹೀಗೆ ತಿಂಗಳ ಮುಕ್ಕಾಲು ಭಾಗ ಕಳೆಯಿತು. ಡಾಕ್ಟರು ಬಾವು ಇಳಿಯುತ್ತಿದೆ ಎಂದರು. ಆದರೆ ಈಗ ಒಂದು ಮಾತು ಹೊರಟರೂ ಮೊದಲಿಂದ ಶುರುಮಾಡಬೇಕಾದೀತು ಎಂದೂ ಸೇರಿಸಿದರು. ಅಷ್ಟರಲ್ಲಿ ಗೇಟಕ್ಕ ಕುರ್ಚಿಯಲ್ಲಿ ಕೂತಲ್ಲೇ ಬಲಪಕ್ಕೆಗೆ ಕೈ ಒತ್ತಿಕೊಳ್ಳುವುದು ಹೆಚ್ಚಾಗಿತ್ತು. ಜೊತೆಗಿದ್ದ ತಂಗಿಯ ಮಗಳು, ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವವಳು, ದೊಡ್ಡಮ್ಮನನ್ನು ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಪಿತ್ತಕೋಶದಲ್ಲಿ ಕಲ್ಲು. ಮುಂದಿನ ವಾರವೇ ಆಪರೇಷನ್.

"ಅಯ್ಯನವರಿಗೆ ಹೇಳೋಣ ದೊಡ್ಡಮ್ಮ. ಬಂದು ಪ್ರಾರ್ಥನೆ ಮಾಡ್ಲಿ."

"ಹೇಳಿದ್ರೆ ನಿನ್ನ ಕಾಲು ಮುರೀತೀನಿ."

"ನಿಮಗೆ ಹೆದರಿಕೆ ಇಲ್ವಾ?"

"ಹೆದರಿಕೆ ಏನು? ನಾನು ನೋಡದೇ ಇರೋ ಆಸ್ಪತ್ರೆನಾ?"

ನೋಡಿದ್ದೇ ತೊಂದರೆಯಾಗಿತ್ತು. ಅವಳ ಸ್ಟೂಲಿನ ಎದುರಿಗೇ ಆಪರೇಷನ್ ಕೋಣೆಯ ಬಾಗಿಲು. ಎರಡು ರೆಕ್ಕೆ ಬೀಸಿ ತೆರೆದುಕೊಂಡು, ಸ್ಟ್ರೆಚರ್ ನುಂಗಿ, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಅವಳು ಯಾವಾಗಲೂ ಹೊರಗಿನಿಂದ ಕಂಡಿದ್ದಳು. ಒಳಗೆ ಏನಿದೆಯೆಂದು ಕೇಳಿದವರಿಗೆ "ಏನಿಲ್ಲ, ದೀಪ ಇರುತ್ತೆ" ಎಂದು ಧೈರ್ಯ ಹೇಳುತ್ತಿದ್ದಳು. ಈಗ ಆ ಧೈರ್ಯ ತನಗೇ ಸಾಲದಾಯಿತು. ಅಯ್ಯನವರ ಆ ಹಂಡೆಯ ಧ್ವನಿ ಒಂದೇ ಒಂದು ಸಲ, ಒಂದೇ ಸಾಲು, ಕಿವಿಯಲ್ಲಿ ಬಿದ್ದಿದ್ದರೆ ಸಾಕಿತ್ತು. ಆದರೆ ಊರನ್ನೆಲ್ಲ ಹೊರಗಿಟ್ಟವಳು ತಾನೇ ಒಳಗೆ ನುಗ್ಗುವುದು ಹೇಗೆ. ಹೊಲ ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಆಪರೇಷನ್ನಿನ ದಿನ ಅಯ್ಯನವರ ಗೇಟಿನಲ್ಲಿ ಕುರ್ಚಿ ಖಾಲಿ ಬಿದ್ದಿತ್ತು. ಪಾಸ್ಟರಮ್ಮ ಗಾಬರಿಯಾಗಿ ಹೊಲಿಗೆ ಅಂಗಡಿಗೆ ವಿಚಾರಿಸಲು ಹೋದರೆ ಅಲ್ಲಿ ತಂಗಿಯ ಮಗಳೂ ಇಲ್ಲ. ಫೋನು ಮಾಡಿದಾಗ ಆ ಹುಡುಗಿ ಅತ್ತು ಎಲ್ಲ ಹೇಳಿಬಿಟ್ಟಳು. ಕಾಲಿಗಿಂತ ದೊಡ್ಡಮ್ಮ ಹೆಚ್ಚು.

ಗೇಟಕ್ಕನನ್ನು ಆಗಲೇ ಹಸಿರು ಬಟ್ಟೆ ಉಡಿಸಿ, ವಾರ್ಡಿನ ಬಾಗಿಲ ಒಳಗಡೆ ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ಅಲ್ಲಿಂದ ಅವಳ ಹಳೆಯ ಸ್ಟೂಲು ಕಾಣುತ್ತಿತ್ತು. ಅದರ ಮೇಲೆ ಅವಳೇ ಕೆಲಸ ಕಲಿಸಿ ಬಂದ ಹುಡುಗಿ. ಆ ಹುಡುಗಿಯ ಎದುರಿಗೆ ಪಾಸ್ಟರಮ್ಮ, ಅವರ ಹಿಂದೆ ಅಯ್ಯನವರು.

"ಪಾಸು?" ಎಂದಳು ಹುಡುಗಿ.

"ಪಾಸಿಲ್ಲಮ್ಮ. ಒಂದೇ ನಿಮಿಷ. ಇವರು ನಮ್ಮ ಚರ್ಚಿನ..."

ಹುಡುಗಿ ತೋರುಬೆರಳನ್ನು ತುಟಿಯ ಮೇಲಿಟ್ಟು ಹುಬ್ಬು ಏರಿಸಿದಳು. ಮಲಗಿದ್ದಲ್ಲಿಂದ ಅದನ್ನು ಕಂಡ ಗೇಟಕ್ಕನಿಗೆ ಹೆಮ್ಮೆಯೂ ಆಯಿತು, ಮೈಯೂ ಉರಿಯಿತು.

"ಬಿಡೇ ಅವರನ್ನ," ಎಂದಳು.

"ರೋಗಿ ಮಾತು ಕೇಳಬಾರದು ಅಂತ ನೀವೇ ಅಲ್ವಾ ಅಕ್ಕ ಹೇಳಿಕೊಟ್ಟಿದ್ದು?"

"ಹೇಳಿಕೊಟ್ಟಿದ್ದೆ. ಈಗ ನಾನು ರೋಗಿಯಲ್ಲ, ಇವರ ಗೇಟು ಕಾಯೋಳು. ಬಿಡು."

ಹುಡುಗಿ ಸ್ಟೂಲನ್ನು ಪಕ್ಕಕ್ಕೆ ಎಳೆದಳು.

ಅಯ್ಯನವರು ಸ್ಟ್ರೆಚರ್ ಪಕ್ಕದಲ್ಲಿ ನಿಂತರು. ಅವಸರದಲ್ಲಿ ಸ್ಲೇಟು ಮರೆತು ಬಂದಿದ್ದರು. ಅವಳ ಹಣೆಯ ಮೇಲೆ ಕೈಯಿಟ್ಟರು. ಬಾಯಿ ತೆರೆದರು. ಕುತ್ತಿಗೆಯ ಆ ನರ ಮೇಲೇಳುವುದನ್ನು ಗೇಟಕ್ಕ ಕೆಳಗಿನಿಂದ ನೋಡಿದಳು. ಈ ಮನುಷ್ಯ ಮಾಡಿಯೇ ಮಾಡುತ್ತಾರೆ, ಒಂದು ತಿಂಗಳನ್ನಲ್ಲ, ಗಂಟಲನ್ನೇ ತನಗೆ ಕೊಟ್ಟುಬಿಡುತ್ತಾರೆ ಎಂದು ಅವಳಿಗೆ ಗೊತ್ತಾಯಿತು. ಅವಳಿಗೆ ಅದು ಬೇಕಿತ್ತು. ಬಾಯಾರಿದವರಿಗೆ ನೀರು ಬೇಕಾದಷ್ಟೇ ಬೇಕಿತ್ತು.

ಆದರೂ ಸೂಜಿ ಚುಚ್ಚಿದ ಕೈಯನ್ನೇ ಎತ್ತಿ ಬೆರಳನ್ನು ತುಟಿಯ ಮೇಲಿಟ್ಟಳು.

"ಸುಮ್ನಿರಿ ಅಯ್ಯಾ. ನಾನೇ ಮಾಡ್ತೀನಿ."

ಪಾಸ್ಟರಮ್ಮ ಸೆರಗು ಹೊದ್ದರು. ಸ್ಟೂಲಿನ ಹುಡುಗಿಯೂ ಏಕೋ ಎದ್ದು ನಿಂತಳು. ಗೇಟಕ್ಕ ಕಣ್ಣು ಮುಚ್ಚಿದಳು.

"ಸ್ವಾಮೀ. ನಾನು ಗೇಟಿನವಳು. ಗೊತ್ತಿರಬಹುದು ನಿನಗೆ. ಇಷ್ಟು ವರ್ಷ ಈ ಬಾಗಿಲ ಹೊರಗಡೆ ಇದ್ದೆ, ಇವತ್ತು ಒಳಗೆ ಹೋಗ್ತಾ ಇದೀನಿ. ಒಳಗೆ ನನಗೆ ಯಾರೂ ಗೊತ್ತಿಲ್ಲ. ನೀನಿರು. ಹೆದರಿಕೆ ಆಗ್ತಾ ಇದೆ. ಈ ಹುಡುಗಿ ಅದನ್ನ ಕೇಳಿಸ್ಕೋಬಾರದಿತ್ತು, ಕೇಳಿಸ್ಕೊಂಡಳು, ಹೋಗ್ಲಿ. ಇವರ ಗಂಟಲು ನೋಡ್ಕೋ. ಇನ್ನು ಸ್ವಲ್ಪ ದಿನ ಬಾಕಿ ಇದೆ. ನಾನಿಲ್ಲ ಅಂದ್ರೆ ಓಡಿಹೋಗ್ತಾರೆ, ಹಿತ್ತಲ ಬಾಗಿಲ ಮೇಲೆ ಒಂದು ಕಣ್ಣಿಡು. ಇವರ ಧ್ವನಿ ನನಗೆ ಬುಧವಾರದ ತನಕ ಬರುತ್ತೆ. ಅದನ್ನ ನಾನು ಇವರಿಗೆ ಹೇಳಿಲ್ಲ. ನೀನು ಹೇಳು." ಮುಗಿಸುವುದು ಹೇಗೆಂದು ಅವಳಿಗೂ ಗೊತ್ತಿರಲಿಲ್ಲ. "ನೋಡೋ ಹೊತ್ತು ಮುಗೀತು. ಆಮೆನ್."

ಅಯ್ಯನವರ ತುಟಿಗಳು ಆಮೆನ್ ಅಂದವು. ಸದ್ದು ಬರಲಿಲ್ಲ. ಕೆನ್ನೆ ಒದ್ದೆಯಾಗಿತ್ತು. ಎರಡು ರೆಕ್ಕೆಯ ಬಾಗಿಲು ತೆರೆದುಕೊಂಡಿತು, ಗೇಟಕ್ಕ ಒಳಗೆ ಹೋದಳು. ನಿಜಕ್ಕೂ ಅಲ್ಲಿ ದೀಪ ಇತ್ತು.

ಅವಳು ಹೊಲಿಗೆ ಹಾಕಿಸಿಕೊಂಡು ಮಲಗಿದ್ದಷ್ಟು ದಿನ ಅಯ್ಯನವರ ಗೇಟಿನ ಕುರ್ಚಿಯಲ್ಲಿ ಬೇಕರಿಯವರು ಕೂತರು. ಗೇಟಕ್ಕನಾದರೂ ಕೇಕನ್ನು ಒಳಗೆ ಬಿಡುತ್ತಿದ್ದಳು. ಇವರು ಬೇರೆ ಅಂಗಡಿಯ ಕೇಕನ್ನು ಗೇಟಿನಲ್ಲೇ ತಡೆದರಂತೆ. ಹಿತ್ತಲ ಬಾಗಿಲಿಗೆ ಪಾಸ್ಟರಮ್ಮನೇ ಬೀಗ ಜಡಿದರು. ನಾಲಿಗೆ ಹೊರಳದವರಿಗೆ ಬೀಗ ಚೆನ್ನಾಗಿ ಹೊರಳಿತು.

ತಿಂಗಳು ತುಂಬಿದ ಮೇಲೆ ಡಾಕ್ಟರು ಕನ್ನಡಿ ಹಾಕಿ ನೋಡಿ, ಮಾತಾಡಬಹುದು ಎಂದರು. ಆದರೆ ಕೂಗುವಂತಿಲ್ಲ, ಮೈಕಿಲ್ಲದೆ ಪ್ರಸಂಗವಿಲ್ಲ, ವಾರದಲ್ಲಿ ಒಂದು ದಿನ ಬಾಯಿ ಮುಚ್ಚಿಯೇ ಇರಬೇಕು. ಸಭೆಯಲ್ಲಿ ವರ್ಷವರ್ಷ ಕೂರುತ್ತಿದ್ದ ಮೈಕಿನ ಮಾತು ಈ ಸಲ ಎದ್ದು ನಿಂತೇ ಬಿಟ್ಟಿತು. ಹೊಸ ಮೈಕು ಬಂತು. ಮೊದಲ ಭಾನುವಾರ ಅದರಲ್ಲಿ ಬಂದ ಧ್ವನಿ ಹಂಡೆಯದಲ್ಲ, ತಂಬಿಗೆಯದು. ಒಳಗೆ ಸ್ವಲ್ಪ ಮರಳು ಬೇರೆ. ಬೆಂಚುಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ಇಷ್ಟು ವರ್ಷ ಒರಗಿ ಕೂತು ಕೇಳಿದ ಜನ ಮುಂದಕ್ಕೆ ಬಾಗಿದರು. ಕಡೆಯ ಬೆಂಚಿನ ತುದಿ ಮಾತ್ರ ಖಾಲಿಯಿತ್ತು. ಗೇಟಕ್ಕನಿಗೆ ಇನ್ನೂ ಅಷ್ಟು ದೂರ ನಡೆಯಲು ಡಾಕ್ಟರು ಬಿಟ್ಟಿರಲಿಲ್ಲ.

ಬಿಟ್ಟ ದಿನ ಸೋಮವಾರ. ತಂಗಿಯ ಮಗಳ ತೋಳು ಹಿಡಿದು ಅವಳು ಮೆಲ್ಲಗೆ ಅಯ್ಯನವರ ಬೀದಿಗೆ ಬಂದಳು. ಗೇಟು ಮುಚ್ಚಿತ್ತು. ಒಳಮಗ್ಗುಲಲ್ಲಿ ಅದೇ ಮರದ ಕುರ್ಚಿ, ಮೇಲೆ ಯಾರೂ ಇಲ್ಲ. ಸೋಮವಾರ ಅಯ್ಯನವರ ಬಾಯಿ ಮುಚ್ಚುವ ದಿನ. ಕುರ್ಚಿ ಹೊರಗಿಟ್ಟರೆ ಸಾಕು, ಯಾರೂ ಗೇಟು ಮುಟ್ಟುವುದಿಲ್ಲ ಎಂದು ತಂಗಿಯ ಮಗಳು ಹೇಳಿದಳು. ಹಾಡಿನ ಟೀಚರು ಕೂಡ ಎದುರುಗಡೆಯ ಬದಿಯಲ್ಲಿ ಹಾದುಹೋಗುತ್ತಾರಂತೆ. "ಪಾಸ್ಟರಮ್ಮ ಮಂಗಳವಾರಾನೂ ಒಂದೊಂದು ಸಲ ಕುರ್ಚಿ ಒಳಗೆ ತಗೊಳ್ಳೋದು ಮರೀತಾರಂತೆ ದೊಡ್ಡಮ್ಮ."

"ಮರೀಲಿ," ಎಂದಳು ಗೇಟಕ್ಕ.

ಕುರ್ಚಿಯನ್ನು ನೋಡಿದಳು. ಗೇಟಿನ ಚಿಲಕದ ಮೇಲಿಟ್ಟಿದ್ದ ಕೈಯನ್ನು ತೆಗೆದಳು. ತಿರುಗಿ ಹೊರಡಬೇಕು, ಅಷ್ಟರಲ್ಲಿ ಕಿಟಕಿಯ ಪರದೆ ಪಕ್ಕಕ್ಕೆ ಸರಿಯಿತು.

"ಗೇಟಕ್ಕಾ," ಎಂದರು ಅಯ್ಯನವರು. "ಒಳಗೆ ಬನ್ನಿ."

ದೊಡ್ಡ ಧ್ವನಿಯಲ್ಲ. ಅಂಗಳ ದಾಟಿ ಗೇಟಿನ ತನಕ ಬರುವಷ್ಟು. ಗೇಟಕ್ಕ ಅಲ್ಲೇ ಬೀದಿಯಲ್ಲಿ ನಿಂತು ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಬೆರಳನ್ನು ತುಟಿಯ ಮೇಲಿಟ್ಟಳು.

"ಕೇಳಿಸ್ತು," ಎಂದಳು. "ಇವತ್ತು ಸೋಮವಾರ."

ತಂಗಿಯ ಮಗಳ ತೋಳು ಹಿಡಿದು ಮನೆ ಕಡೆ ತಿರುಗಿದಳು.